ಒಂದು ಹೋಸ್ ಹಾಕಲು ಐದು ಸಹಿ ಯಾಕೆ ಬೇಕು?

ಓದುಗರ ಪ್ರಶ್ನೆ: ಸರ್, ನಾನು ಬೀದರ್ ಕಡೆಯ ಒಂದು ಕೆಮಿಕಲ್ ಫ್ಯಾಕ್ಟರಿಯಲ್ಲಿ ಮೆಂಟೆನೆನ್ಸ್ ಸೂಪರ್‌ವೈಸರ್. ಹೋದ ತಿಂಗಳು ನಮ್ಮ ಟೊಲುಯಿನ್ (ಬೇಗ ಬೆಂಕಿ ಹತ್ತುವ ದ್ರಾವಕ) ಟ್ರಾನ್ಸ್‌ಫರ್ ಪಂಪ್ ಕೆಟ್ಟಿತು. ಸ್ಪೇರ್ ಬರೋದಕ್ಕೆ ವಾರಗಳು ಬೇಕು ಅಂದರು. ಬ್ಯಾಚ್ ನಿಲ್ಲಬಾರದು ಅಂತ ಪಕ್ಕದ ಲೈನಿನ ಪಂಪಿನಿಂದ ಹೋಸ್ ಎಳೆದು ಬೈಪಾಸ್ ಮಾಡಿದೆವು. ಸೇಫ್ಟಿ ಆಫೀಸರ್ ಬಂದು, ಎಂಒಸಿ (ಮ್ಯಾನೇಜ್‌ಮೆಂಟ್ ಆಫ್ ಚೇಂಜ್, ಅಂದರೆ ಬದಲಾವಣೆ ಮಾಡುವ ಮೊದಲು ಪರಿಶೀಲಿಸಿ ಒಪ್ಪಿಗೆ ಪಡೆಯುವ ಪದ್ಧತಿ) ಫಾರಂ ಇಲ್ಲದೆ ಇದನ್ನು ಚಾಲೂ ಮಾಡಬೇಡಿ ಅಂದರು. ಆ ಫಾರಂಗೆ ಐದು ಸಹಿ, ಕನಿಷ್ಠ ನಾಲ್ಕು ದಿನ. ಪ್ರೊಡಕ್ಷನ್‌ನವರು ಒಪ್ಪಲಿಲ್ಲ, ಚಾಲೂ ಮಾಡಿದರು. ಇವತ್ತಿಗೂ ಅದೇ ಹೋಸ್ ಓಡುತ್ತಿದೆ, ಏನೂ ಆಗಿಲ್ಲ. ಒಂದು ಹೋಸಿಗೆ ಇಷ್ಟೆಲ್ಲ ಬೇಕಾ? ಕಾನೂನಿನಲ್ಲಿ ಹೀಗೆ ಇದೆಯಾ, ಇಲ್ಲಾ ಆಡಿಟ್‌ನವರಿಗೆ ತೋರಿಸೋದಕ್ಕೆ ಮಾಡುವ ಕಾಗದವಾ?

ಉತ್ತರ: ನಿಮ್ಮ ಪ್ರಶ್ನೆಗಿಂತ ಮೊದಲು ಒಂದು ಕೆಲಸ ಇದೆ. ಆ ಹೋಸ್ ಈಗಲೂ ಓಡುತ್ತಿದೆ ಅಂತ ಬರೆದಿದ್ದೀರಿ. ಇದನ್ನು ಓದಿದ ದಿನವೇ ಅದನ್ನು ನಿಲ್ಲಿಸಿ ಪರೀಕ್ಷೆ ಮಾಡಿಸಿ. ಏನೇನು ನೋಡಬೇಕು ಅನ್ನೋದನ್ನು ಕೆಳಗೆ ಬರೆದಿದ್ದೇನೆ. ಅಲ್ಲಿಯವರೆಗೆ ಬ್ಯಾಚ್ ತಡವಾದರೆ ಆಗಲಿ.

ನಿಮ್ಮ ಪತ್ರದಲ್ಲಿ ನನಗೆ ಆತಂಕ ತಂದ ಮಾತು "ಏನೂ ಆಗಿಲ್ಲ" ಅನ್ನೋದು. ತಪ್ಪಾಗಿ ಮಾಡಿದ ಬದಲಾವಣೆ ಮೊದಲ ದಿನವೇ ಕೈಕೊಟ್ಟರೆ ಅದು ನಮ್ಮ ಪುಣ್ಯ. ಎಲ್ಲರೂ ಸುತ್ತ ನಿಂತು ನೋಡುತ್ತಿರುತ್ತಾರೆ, ಕೂಡಲೇ ವಾಲ್ವ್ ಮುಚ್ಚುತ್ತಾರೆ. ಆದರೆ ಹೆಚ್ಚಿನ ಸಲ ಹಾಗಾಗುವುದಿಲ್ಲ. ವಾರಗಟ್ಟಲೆ ಚೆನ್ನಾಗಿ ಓಡುತ್ತದೆ. ಜನ ಅದನ್ನು ಮರೆಯುತ್ತಾರೆ. ಆಮೇಲೆ ಒಂದು ದಿನ ಪ್ರೆಶರ್ ಸ್ವಲ್ಪ ಜಾಸ್ತಿಯಾಗುತ್ತದೆ.

ಎಂಒಸಿ ಅನ್ನುವ ಪದ್ಧತಿ ಯಾಕೆ ಹುಟ್ಟಿತು ಅಂತ ತಿಳಿಯಬೇಕಾದರೆ ಇಂಗ್ಲೆಂಡಿನ ಒಂದು ಬೈಪಾಸ್ ಪೈಪಿನ ಕಥೆ ಹೇಳಲೇಬೇಕು. ನಿಮ್ಮ ಕಥೆಗೂ ಅದಕ್ಕೂ ಇರುವ ಹೋಲಿಕೆ ಸಣ್ಣದಲ್ಲ.

ಫ್ಲಿಕ್ಸ್‌ಬರೋ ಅನ್ನೋದು ಲಿಂಕನ್‌ಶೈರ್‌ನ ಒಂದು ಹಳ್ಳಿ. ಅದರ ಪಕ್ಕ ನೈಪ್ರೊ ಕಂಪನಿಯ ಕಾರ್ಖಾನೆ ಇತ್ತು. ನೈಲಾನ್‌ಗೆ ಬೇಕಾದ ಕ್ಯಾಪ್ರೊಲ್ಯಾಕ್ಟಮ್ ಅಲ್ಲಿ ತಯಾರಾಗುತ್ತಿತ್ತು. ಸಾಲಾಗಿ ಆರು ರಿಯಾಕ್ಟರ್‌ಗಳು, ಪ್ರತಿಯೊಂದೂ ಹಿಂದಿನದಕ್ಕಿಂತ 14 ಇಂಚು ತಗ್ಗಿನಲ್ಲಿ. ಒಳಗೆ ಸೈಕ್ಲೋಹೆಕ್ಸೇನ್ ಅನ್ನುವ ಬೇಗ ಬೆಂಕಿ ಹತ್ತುವ ದ್ರವ, ಸುಮಾರು 155 ಡಿಗ್ರಿ ಬಿಸಿ, ಚದರ ಸೆಂಟಿಮೀಟರ್‌ಗೆ 8.8 ಕೆಜಿ ಪ್ರೆಶರ್. ಸೈಕ್ಲೋಹೆಕ್ಸೇನ್ ಮಾಮೂಲಿ ಗಾಳಿಯಲ್ಲಿ ಕುದಿಯುವುದು 81 ಡಿಗ್ರಿಗೆ. ಅಂದರೆ ಆ ಪೈಪು ಎಲ್ಲೇ ಒಡೆದರೂ ಹೊರಬಂದ ದ್ರವದಲ್ಲಿ ದೊಡ್ಡ ಪಾಲು ಆ ಕ್ಷಣವೇ ಆವಿಯಾಗುತ್ತದೆ.

1974ರ ಮಾರ್ಚ್ 27ರಂದು ಐದನೇ ರಿಯಾಕ್ಟರ್‌ನಲ್ಲಿ ಉದ್ದನೆಯ ಬಿರುಕು ಕಂಡಿತು. ಅದನ್ನು ತೆಗೆದು ಹಾಕಿ, ನಾಲ್ಕರಿಂದ ಆರಕ್ಕೆ ನೇರವಾಗಿ ಪೈಪ್ ಜೋಡಿಸೋಣ ಅಂತ ತೀರ್ಮಾನವಾಯಿತು. ರಿಯಾಕ್ಟರ್‌ಗಳ ಬಾಯಿ 28 ಇಂಚು. ಕೈಗೆ ಸಿಕ್ಕ ದೊಡ್ಡ ಪೈಪು 20 ಇಂಚಿನದು. ಎರಡು ಬಾಯಿಗಳ ಎತ್ತರ ಬೇರೆ ಬೇರೆ ಇದ್ದದ್ದರಿಂದ ಪೈಪಿಗೆ ಎರಡು ಕಡೆ ಬಾಗು ಕೊಟ್ಟರು. ಎರಡೂ ತುದಿಗೆ ಬೆಲ್ಲೋಸ್, ಅಂದರೆ ಮಡಿಕೆ ಮಡಿಕೆಯಾಗಿರುವ ಲೋಹದ ಜೋಡಣೆ, ಇತ್ತು. ಕೆಳಗೆ ಆಧಾರಕ್ಕೆ ಕಟ್ಟಡ ಕೆಲಸದವರು ಬಳಸುವಂಥ ಸ್ಕ್ಯಾಫೋಲ್ಡಿಂಗ್. ಡ್ರಾಯಿಂಗ್ ಅಂತ ಇದ್ದದ್ದು ವರ್ಕ್‌ಶಾಪಿನ ನೆಲದ ಮೇಲೆ ಚಾಕ್‌ಪೀಸಿನಲ್ಲಿ ಬರೆದ ಗೆರೆಗಳು ಮಾತ್ರ.

ಅವರು ಅಡ್ಡಾದಿಡ್ಡಿ ಕೆಲಸ ಮಾಡುವ ಜನ ಅಂತ ಅಂದುಕೊಳ್ಳಬೇಡಿ. ಆ 20 ಇಂಚಿನಲ್ಲಿ ಬೇಕಾದಷ್ಟು ದ್ರವ ಹರಿಯುತ್ತದಾ ಅಂತ ಲೆಕ್ಕ ಹಾಕಿದರು. ನೇರ ಪೈಪಾಗಿದ್ದರೆ ಪ್ರೆಶರ್ ತಡೆಯುತ್ತದಾ ಅಂತಲೂ ನೋಡಿದರು. ಎರಡಕ್ಕೂ ಉತ್ತರ ಹೌದು ಅಂತಲೇ ಬಂತು. ಲೆಕ್ಕಕ್ಕೆ ಸಿಗದೆ ಹೋದದ್ದು ಒಂದೇ: ಪೈಪು ನೇರ ಇರಲಿಲ್ಲ. ಬಾಗಿದ ಪೈಪಿನ ಎರಡು ತುದಿಗೆ ಒಳಗಿನ ಪ್ರೆಶರ್ ಎದುರುಬದುರಾಗಿ ತಳ್ಳುತ್ತದೆ, ಆದರೆ ಒಂದೇ ಗೆರೆಯಲ್ಲಿ ತಳ್ಳುವುದಿಲ್ಲ. ಆ ಅಳತೆಯ ಬಾಯಿಗೆ ಅಷ್ಟು ಪ್ರೆಶರ್‌ನಲ್ಲಿ ಬೀಳುವ ಬಲ 30 ಟನ್‌ಗೂ ಜಾಸ್ತಿ. ಅದು ಇಡೀ ಪೈಪನ್ನು ತಿರುಚಲು ನೋಡುತ್ತದೆ. ಬೆಲ್ಲೋಸ್ ಇರುವುದು ಉದ್ದಕ್ಕೆ ಹಿಗ್ಗಿ ಕುಗ್ಗಲು. ಅಡ್ಡಕ್ಕೆ ಎಳೆದರೆ ಅದಕ್ಕೆ ತಾಕತ್ತಿಲ್ಲ. ಬೆಲ್ಲೋಸ್ ತಯಾರಿಸಿದ ಕಂಪನಿಯ ಪುಸ್ತಿಕೆ ತೆಗೆದು ನೋಡಿದ್ದರೂ ಗೊತ್ತಾಗುತ್ತಿತ್ತು.

ಇದನ್ನು ಕಂಡುಹಿಡಿಯಬಲ್ಲ ಮನುಷ್ಯ ಆ ಕಾರ್ಖಾನೆಯಲ್ಲಿ ಆಗ ಇರಲಿಲ್ಲ. ವರ್ಕ್ಸ್ ಎಂಜಿನಿಯರ್ ಆ ವರ್ಷದ ಆರಂಭದಲ್ಲಿ ಕೆಲಸ ಬಿಟ್ಟಿದ್ದರು. ಅವರ ಜಾಗಕ್ಕೆ ಇನ್ನೂ ಯಾರೂ ಬಂದಿರಲಿಲ್ಲ. ತಮಗೆ ಏನು ಗೊತ್ತಿಲ್ಲ ಅನ್ನುವುದೇ ಉಳಿದವರಿಗೆ ಗೊತ್ತಿರಲಿಲ್ಲ. ಫಾರಂನಲ್ಲಿ ಮೆಕ್ಯಾನಿಕಲ್‌ನವರ ಸಹಿಗೆ ಒಂದು ಜಾಗ ಇಟ್ಟಿರುವುದು ಇಂಥ ಹೊತ್ತಿಗಾಗಿಯೇ. ಆ ಜಾಗ ಖಾಲಿ ಉಳಿದರೆ, ನೋಡಬೇಕಾದವರು ನೋಡಿಲ್ಲ ಅಂತ ಎಲ್ಲರಿಗೂ ಕಾಣುತ್ತದೆ.

ಪರೀಕ್ಷೆ ಮಾಡಿದರಾ? ಮಾಡಿದರು. ಆದರೆ 9 ಕೆಜಿಗೆ. ಸೇಫ್ಟಿ ವಾಲ್ವ್ ತೆರೆಯುವುದು 11 ಕೆಜಿಗೆ. ಅಂದರೆ ಸೇಫ್ಟಿ ವಾಲ್ವ್ ಕೆಲಸ ಶುರು ಮಾಡುವ ಮೊದಲೇ ಪೈಪ್ ಹೋಗುತ್ತದಾ ಅನ್ನುವ ಪ್ರಶ್ನೆಯನ್ನು ಆ ಪರೀಕ್ಷೆ ಕೇಳಲೇ ಇಲ್ಲ. ಐದನೇ ರಿಯಾಕ್ಟರ್ ಯಾಕೆ ಬಿರಿಯಿತು ಅಂತ ತಿಳಿಯುವ ಮೊದಲೇ, ಉಳಿದ ಐದನ್ನು ತೆರೆದು ನೋಡದೆಯೇ ಪ್ಲಾಂಟ್ ಚಾಲೂ ಆಯಿತು. ಕಾರಣ ಆಮೇಲೆ ತಿಳಿಯಿತು. ಹಿಂದೆ ಒಂದು ಸಣ್ಣ ಸೋರಿಕೆಯ ಮೇಲೆ ಸುರಿಸಿದ್ದ ಕೂಲಿಂಗ್ ನೀರಿನಲ್ಲಿ ನೈಟ್ರೇಟ್ ಇತ್ತು. ಅದು ಉಕ್ಕನ್ನು ತಿಂದು ಬಿರುಕು ಬಿಡಿಸಿತ್ತು. ಸೋರಿಕೆಗೆ ನೀರು ಬಿಡುವುದೂ ಒಂದು ಬದಲಾವಣೆಯೇ, ಅಲ್ವಾ? ಅದಕ್ಕೂ ಯಾರೂ ಯೋಚಿಸಿರಲಿಲ್ಲ.

ಏಪ್ರಿಲ್ 1ರಂದು ಚಾಲೂ ಆದ ಆ ಪೈಪು ಎರಡು ತಿಂಗಳು ಓಡಿತು. ಜೂನ್ 1, ಶನಿವಾರ, ಸಂಜೆ 5 ಗಂಟೆಗೆ ಸ್ವಲ್ಪ ಮೊದಲು ಒಡೆಯಿತು. ಹತ್ತಾರು ಟನ್ ಸೈಕ್ಲೋಹೆಕ್ಸೇನ್ ಮೋಡದ ಹಾಗೆ ಹರಡಿ, ಬೆಂಕಿ ತಗಲಿ ಸ್ಫೋಟಿಸಿತು. 28 ಜನ ಸತ್ತರು. ಅದರಲ್ಲಿ 18 ಜನ ಕಂಟ್ರೋಲ್ ರೂಮಿನಲ್ಲಿದ್ದವರು. ಆ ಕೋಣೆಯಿಂದ ಒಬ್ಬರೂ ಉಳಿಯಲಿಲ್ಲ. ಸುತ್ತಲಿನ ಸಾವಿರಕ್ಕೂ ಹೆಚ್ಚು ಮನೆಗಳಿಗೆ ಹಾನಿಯಾಯಿತು. ವಾರದ ಕೆಲಸದ ದಿನವಾಗಿದ್ದರೆ ಆಫೀಸಿನಲ್ಲಿ ಇನ್ನೂ ನೂರಾರು ಜನ ಇರುತ್ತಿದ್ದರು.

"ಅದು ದೊಡ್ಡ ಪ್ಲಾಂಟು, ನಮ್ಮದು ಒಂದು ಹೋಸು" ಅಂತ ನಿಮಗೆ ಅನ್ನಿಸಬಹುದು. ಹಾಗಾದರೆ ನಮ್ಮ ಪಕ್ಕದ ರಾಜ್ಯದ್ದೇ ನೋಡಿ. ವಿಶಾಖಪಟ್ಟಣದ ಎಲ್‌ಜಿ ಪಾಲಿಮರ್ಸ್, 2020ರ ಮೇ 7ರ ಬೆಳಗಿನ ಜಾವ. ಪ್ಲಾಸ್ಟಿಕ್ ತಯಾರಿಕೆಗೆ ಬಳಸುವ ಸ್ಟೈರೀನ್ ಅನ್ನುವ ದ್ರವದ ಆವಿ ಆರ್.ಆರ್. ವೆಂಕಟಾಪುರಂ ಊರಿನೊಳಗೆ ಹರಿದು 12 ಜನ ಸತ್ತರು. ಸತ್ತವರು ಸುತ್ತಲಿನ ಊರಿನ ಜನ.

ಸ್ಟೈರೀನ್‌ಗೆ ತನ್ನಷ್ಟಕ್ಕೆ ಗಟ್ಟಿಯಾಗುವ ಗುಣ ಇದೆ. ಹಾಗಾಗುವಾಗ ಬಿಸಿ ಹುಟ್ಟುತ್ತದೆ. ಬಿಸಿ ಜಾಸ್ತಿಯಾದರೆ ಇನ್ನೂ ಬೇಗ ಗಟ್ಟಿಯಾಗುತ್ತದೆ. ಅದಕ್ಕೇ ಅದನ್ನು ತಂಪಾಗಿಡಬೇಕು, ಟಿಬಿಸಿ ಅನ್ನುವ ತಡೆಮದ್ದು ಬೆರೆಸಿರಬೇಕು, ಟ್ಯಾಂಕಿನೊಳಗೆ ಕಲಕುತ್ತಿರಬೇಕು. ಆಂಧ್ರ ಸರ್ಕಾರ ನೇಮಿಸಿದ ಉನ್ನತಾಧಿಕಾರ ಸಮಿತಿಯ ವರದಿ ಓದಿದರೆ ಈ ಮೂರೂ ಒಂದೊಂದಾಗಿ ಹೇಗೆ ಜಾರಿದವು ಅಂತ ಗೊತ್ತಾಗುತ್ತದೆ. 2019ರ ಡಿಸೆಂಬರ್‌ನಲ್ಲಿ ಆ ಟ್ಯಾಂಕಿನ ಪೈಪ್ ಜೋಡಣೆ ಬದಲಿಸಿದ್ದರು. ಅದರಿಂದ ದ್ರವ ಮೇಲಿಂದ ಕೆಳಗೆ ಸರಿಯಾಗಿ ಬೆರೆಯುವುದು ನಿಂತಿತು. ಮೇಲಿನ ಪದರ ಬಿಸಿಯಾಗುತ್ತಾ ಹೋಯಿತು. ಟೆಂಪರೇಚರ್ ಅಳೆಯುವ ಸಾಧನ ಇದ್ದದ್ದು ತಳದಲ್ಲಿ. ತಂಪು ಮಾಡುವ ಯಂತ್ರವನ್ನು ರಾತ್ರಿ ಹೊತ್ತು ಆಫ್ ಮಾಡುತ್ತಿದ್ದರು. ಟಿಬಿಸಿ ದಾಸ್ತಾನು ಮುಗಿದಿತ್ತು. ಇದರ ಮೇಲೆ ಲಾಕ್‌ಡೌನ್ ಬಂತು. ಸಾಮಾನ್ಯವಾಗಿ ಬೇಗ ಖಾಲಿಯಾಗುವ ಟ್ಯಾಂಕು ವಾರಗಟ್ಟಲೆ ತುಂಬಿ ನಿಂತಿತು.

ಇಲ್ಲಿ ನನ್ನನ್ನು ತುಂಬಾ ಕಾಡುವುದು ಆ ತಳದ ಟೆಂಪರೇಚರ್. ಶಿಫ್ಟಿನ ಹುಡುಗರು ಪ್ರತಿ ಸಲ ಓದಿ ಲಾಗ್ ಪುಸ್ತಕದಲ್ಲಿ ಬರೆದ ಅಂಕಿ ತಪ್ಪಿರಲಿಲ್ಲ. ತಳ ತಂಪಾಗೇ ಇತ್ತು. ಪೈಪ್ ಬದಲಿಸುವ ಮೊದಲು ಆ ಒಂದು ಅಂಕಿ ನೋಡಿದರೆ ಇಡೀ ಟ್ಯಾಂಕಿನ ಸ್ಥಿತಿ ತಿಳಿಯುತ್ತಿತ್ತು. ಬದಲಿಸಿದ ಮೇಲೆ ತಳದ ಸ್ಥಿತಿ ಮಾತ್ರ ತಿಳಿಯುತ್ತಿತ್ತು. ಪೈಪ್ ಬದಲಿಸಿದಾಗ ಮೀಟರಿನ ಅರ್ಥವೂ ಬದಲಾಗಿತ್ತು, ಅದನ್ನು ಆಪರೇಟರ್‌ಗಳಿಗೆ ಯಾರೂ ಹೇಳಲಿಲ್ಲ. ಪೈಪಿನ ಕೆಲಸ ಮುಗಿಸಿದ ಫಿಟ್ಟರ್‌ಗೆ ಇದು ಹೊಳೆಯಬೇಕಿತ್ತು ಅಂತ ನಾನು ಹೇಳುವುದಿಲ್ಲ. ಅದಕ್ಕೆ ಪ್ರೋಸೆಸ್ ಗೊತ್ತಿರುವವರು, ಇನ್‌ಸ್ಟ್ರುಮೆಂಟ್ ಗೊತ್ತಿರುವವರು, ಟ್ಯಾಂಕ್ ನೋಡಿಕೊಳ್ಳುವವರು ಒಂದೇ ಮೇಜಿಗೆ ಕೂರಬೇಕು. ನಿಮ್ಮ ಫಾರಂನ ಐದು ಸಹಿಯ ಕೆಲಸ ಇದು. ಐದು ಜನ ಐದು ಕಡೆ ಕೂತು ಓದದೆ ಗೀಚಿದರೆ ಆ ಸಹಿಗೆ ಬೆಲೆ ಇಲ್ಲ.

ಬದಲಾವಣೆ ಅಂದರೆ ಪೈಪು ವಾಲ್ವು ಮಾತ್ರ ಅಂತ ತಿಳಿಯಬೇಡಿ. ಭೋಪಾಲದಲ್ಲಿ ವಿಷಾನಿಲದ ಟ್ಯಾಂಕನ್ನು ತಂಪಾಗಿಡುವ ಯಂತ್ರವನ್ನು 1984ರ ಜೂನ್‌ನಲ್ಲೇ ನಿಲ್ಲಿಸಿದ್ದರು. ಸೋರಿದ ಅನಿಲವನ್ನು ಸುಡಬೇಕಾದ ಫ್ಲೇರ್ ಟವರಿನ ಪೈಪು ರಿಪೇರಿಗೆಂದು ಕಳಚಿತ್ತು. ಡಿಸೆಂಬರ್ ರಾತ್ರಿ ಇವೆರಡೂ ಇರಲಿಲ್ಲ. ಶಿಫ್ಟಿಗೆ ಮೂವರ ಬದಲು ಇಬ್ಬರನ್ನು ಹಾಕುವುದು, ಕಚ್ಚಾವಸ್ತುವನ್ನು ಬೇರೆ ಸಪ್ಲೈಯರ್‌ನಿಂದ ತರಿಸುವುದು, ಅಲಾರಂ ಪದೇ ಪದೇ ಕೂಗುತ್ತದೆ ಅಂತ ಅದರ ಅಂಕಿ ಏರಿಸುವುದು, ಇಂಟರ್‌ಲಾಕ್‌ಗೆ (ಅಪಾಯ ಕಂಡರೆ ತಾನೇ ಯಂತ್ರ ನಿಲ್ಲಿಸುವ ವ್ಯವಸ್ಥೆಗೆ) ಜಂಪರ್ ತಂತಿ ಹಾಕಿ ಅದು ಕೆಲಸ ಮಾಡದ ಹಾಗೆ ಮಾಡುವುದು, ಇವೆಲ್ಲಾ ಎಂಒಸಿಗೆ ಬರಬೇಕಾದ ವಿಷಯಗಳೇ.

ಈಗ ಕಾನೂನು. ನೇರವಾಗಿ ಹೇಳುತ್ತೇನೆ: "ಪ್ರತಿ ಬದಲಾವಣೆಗೂ ಎಂಒಸಿ ಫಾರಂ ತುಂಬಬೇಕು" ಅನ್ನುವ ವಾಕ್ಯ ನಮ್ಮ ಕಾನೂನಿನಲ್ಲಿ ಅದೇ ರೂಪದಲ್ಲಿ ಇಲ್ಲ. ಅಮೆರಿಕದಲ್ಲಿ 1992ರ ಪ್ರೋಸೆಸ್ ಸೇಫ್ಟಿ ನಿಯಮದಲ್ಲಿ ಇದೆ. ಅಲ್ಲಿ 14 ಅಂಶಗಳಲ್ಲಿ ಇದೂ ಒಂದು. ನಮ್ಮಲ್ಲಿ ತೈಲ ಮತ್ತು ಗ್ಯಾಸ್ ಕ್ಷೇತ್ರಕ್ಕೆ ಒಐಎಸ್‌ಡಿಯ (ತೈಲ ಉದ್ಯಮ ಸುರಕ್ಷತಾ ನಿರ್ದೇಶನಾಲಯದ) 178ನೇ ಮಾರ್ಗಸೂಚಿ ಇದೆ. ಕೆಮಿಕಲ್ ಮತ್ತು ಔಷಧ ಕಾರ್ಖಾನೆಗಳಿಗೆ ಅಷ್ಟು ಸ್ಪಷ್ಟವಾದದ್ದು ಇಲ್ಲದಿರುವುದು ದೊಡ್ಡ ಕೊರತೆ ಅಂತ ನಾನು ನಂಬುತ್ತೇನೆ. ಕಾಯ್ದೆಯಲ್ಲೇ ಬರೆದಿದ್ದರೆ ನಿಮ್ಮ ಸೇಫ್ಟಿ ಆಫೀಸರ್ ಅವತ್ತು ಸೋಲುತ್ತಿರಲಿಲ್ಲ.

ಹಾಗಂತ ಕಾನೂನು ಸುಮ್ನೆ ಕೂತಿದೆ ಅಂತಲ್ಲ. ಅಪಾಯಕಾರಿ ರಾಸಾಯನಿಕಗಳ ತಯಾರಿಕೆ, ಸಂಗ್ರಹ ಮತ್ತು ಆಮದು ನಿಯಮಗಳು ಅಂತ 1989ರಲ್ಲಿ ಬಂದವು. ಪರಿಸರ ಸಂರಕ್ಷಣಾ ಕಾಯ್ದೆಯ ಕೆಳಗೆ ಬಂದ ನಿಯಮಗಳಿವು. ಫ್ಲಿಕ್ಸ್‌ಬರೋ ಆದಮೇಲೆ ಬ್ರಿಟನ್ ಮಾಡಿಕೊಂಡ ನಿಯಮಗಳನ್ನು ಇವು ತುಂಬಾ ಹೋಲುತ್ತವೆ. ಇದರ 4ನೇ ನಿಯಮ ಹೇಳುವುದು ಇಷ್ಟು: ಕಾರ್ಖಾನೆ ನಡೆಸುವವರು ದೊಡ್ಡ ಅಪಘಾತಕ್ಕೆ ಏನೇನು ದಾರಿ ಇದೆ ಅಂತ ಗುರುತಿಸಬೇಕು, ತಡೆಯಲು ತಕ್ಕ ಕ್ರಮ ತೆಗೆದುಕೊಳ್ಳಬೇಕು, ಹಾಗೆ ಮಾಡಿದ್ದಕ್ಕೆ ಪುರಾವೆ ಕೊಡಬೇಕು. ಈ "ಪುರಾವೆ" ಅನ್ನೋದನ್ನು ಗಮನಿಸಿ. ನೀವು ಹೋಸ್ ಹಾಕುವ ಮೊದಲು ಯೋಚಿಸಿದ್ದಿರಿ ಅಂತ ತೋರಿಸಲು ನಿಮ್ಮ ಹತ್ತಿರ ಇರುವ ಕಾಗದ ಆ ಫಾರಂ ಒಂದೇ.

11ನೇ ನಿಯಮ ಇನ್ನೂ ಬಿಗಿ. ದೊಡ್ಡ ಪ್ರಮಾಣದಲ್ಲಿ ಅಪಾಯಕಾರಿ ವಸ್ತು ಇಟ್ಟಿರುವ ಘಟಕಗಳು ಸೇಫ್ಟಿ ರಿಪೋರ್ಟ್ ಸಲ್ಲಿಸಬೇಕು. ಕ್ಲೋರಿನ್ ಆದರೆ 25 ಟನ್ ಮುಟ್ಟಿದರೆ ಈ ಗುಂಪಿಗೆ ಸೇರುತ್ತದೆ. ಆ ರಿಪೋರ್ಟಿನಲ್ಲಿ ಬರೆದದ್ದನ್ನು ಗಣನೀಯವಾಗಿ ಬದಲಿಸುವಂಥ ಮಾರ್ಪಾಡು ಮಾಡಬೇಕಾದರೆ, ಹೊಸ ರಿಪೋರ್ಟನ್ನು 90 ದಿನ ಮೊದಲೇ ಕೊಡಬೇಕು. ನಿಮ್ಮ ಹೋಸಿಗೆ ಇದು ಅನ್ವಯವಾಗಲಾರದು. ಆದರೆ ಯಾವುದು ಗಣನೀಯ, ಯಾವುದು ಅಲ್ಲ ಅಂತ ನಿರ್ಧರಿಸಲು ಕಾರ್ಖಾನೆಯೊಳಗೆ ಒಂದು ಪದ್ಧತಿ ಬೇಕಲ್ಲ?

ಇನ್ನೊಂದು ದಾರಿ ಕಾರ್ಮಿಕರ ಕಡೆಯಿಂದ ಬರುತ್ತದೆ. ಭೋಪಾಲದ ನಂತರ, 1987ರಲ್ಲಿ, ಕಾರ್ಖಾನೆ ಕಾಯ್ದೆಗೆ ಅಪಾಯಕಾರಿ ಪ್ರಕ್ರಿಯೆಗಳ ಬಗ್ಗೆ ಹೊಸ ಅಧ್ಯಾಯ ಸೇರಿತು. ಅಪಾಯದ ಮಾಹಿತಿ ಕಾರ್ಮಿಕರಿಗೆ ಕೊಡಲೇಬೇಕು, ಸೇಫ್ಟಿ ಕಮಿಟಿ ಇರಬೇಕು, ಜೀವಕ್ಕೆ ತಕ್ಷಣದ ಅಪಾಯ ಕಂಡರೆ ಕಾರ್ಮಿಕರು ಎಚ್ಚರಿಸಬಹುದು, ಎಚ್ಚರಿಸಿದ ಮೇಲೆ ಮೇಲಿನವರು ಕ್ರಮ ತೆಗೆದುಕೊಳ್ಳಲೇಬೇಕು. 2025ರ ನವೆಂಬರ್ 21ರಿಂದ ಹಳೆಯ ಕಾಯ್ದೆಯ ಜಾಗಕ್ಕೆ ಔದ್ಯೋಗಿಕ ಸುರಕ್ಷತೆಯ ಹೊಸ ಸಂಹಿತೆ ಬಂದಿದೆ. ಎಚ್ಚರಿಸುವ ಹಕ್ಕು ಅಲ್ಲೂ ಉಳಿದಿದೆ. ನಮ್ಮ ರಾಜ್ಯದಲ್ಲಿ ಇದನ್ನೆಲ್ಲ ನೋಡಿಕೊಳ್ಳುವುದು ಕಾರ್ಖಾನೆ, ಬಾಯ್ಲರ್, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆ.

ಮ್ಯಾನೇಜರ್‌ಗೆ ಕಾನೂನಿನ ಮಾತು ತಟ್ಟದಿದ್ದರೆ ಇನ್ಶೂರೆನ್ಸ್ ಪಾಲಿಸಿ ತೋರಿಸಿ. ಅಪಾಯ ಹೆಚ್ಚಾಗುವ ಹಾಗೆ ಬದಲಾವಣೆ ಮಾಡಿ ಕಂಪನಿಗೆ ತಿಳಿಸದಿದ್ದರೆ ರಕ್ಷಣೆ ತಪ್ಪಬಹುದು ಅನ್ನುವ ಷರತ್ತು ಬೆಂಕಿ ವಿಮೆಯ ಪಾಲಿಸಿಗಳಲ್ಲಿ ಇರುತ್ತದೆ.

ಹಾಗಾದರೆ ಪ್ರತಿ ನಟ್ಟು ಬೋಲ್ಟಿಗೂ ಫಾರಂ ಬೇಕಾ? ಬೇಡ. ಇದ್ದ ವಸ್ತುವಿನ ಜಾಗಕ್ಕೆ ಅದೇ ಅಳತೆ, ಅದೇ ಲೋಹ, ಅದೇ ರೇಟಿಂಗ್‌ನ ವಸ್ತು ಹಾಕಿದರೆ ಅದು ಬದಲಾವಣೆ ಅಲ್ಲ, ರಿಪೇರಿ. ಅಮೆರಿಕದ ನಿಯಮವೂ ಇದನ್ನು ಬಿಟ್ಟಿದೆ. ಆದರೆ "ಅದೇ" ಅನ್ನುವ ಮಾತನ್ನು ಡೇಟಾಶೀಟ್ ಎದುರಿಗಿಟ್ಟುಕೊಂಡು ಹೇಳಬೇಕು. ಸ್ಟೋರಿನಲ್ಲಿ ಸ್ಪೈರಲ್ ವೂಂಡ್ ಗ್ಯಾಸ್ಕೆಟ್ ಮುಗಿದಿದೆ ಅಂತ ಶೀಟ್ ಗ್ಯಾಸ್ಕೆಟ್ ಕತ್ತರಿಸಿ ಹಾಕಿದರೆ ಅದು ಅದೇ ಅಲ್ಲ. 316 ಸ್ಟೇನ್‌ಲೆಸ್ ಜಾಗಕ್ಕೆ 304 ಹಾಕಿದರೆ ಕಣ್ಣಿಗೆ ಒಂದೇ ಥರ ಕಾಣುತ್ತದೆ, ಆಸಿಡ್‌ಗೆ ಹಾಗೆ ಕಾಣುವುದಿಲ್ಲ. ಪಂಪ್ ಅದೇ ಇದ್ದು ಇಂಪೆಲ್ಲರ್ ದೊಡ್ಡದಾದರೆ, ಮುಂದಿನ ಪೈಪಿಗೆ ಬೀಳುವ ಪ್ರೆಶರ್ ಬೇರೆ. ಗಟ್ಟಿ ಪೈಪಿನ ಜಾಗಕ್ಕೆ ಬಂದ ನಿಮ್ಮ ಹೋಸು ಯಾವ ಲೆಕ್ಕದಲ್ಲೂ ಬದಲಾವಣೆಯೇ.

ನೀವು ಎತ್ತಿದ ನಾಲ್ಕು ದಿನದ ದೂರು ಮಾತ್ರ ನೂರಕ್ಕೆ ನೂರು ಸರಿ. ರಾತ್ರಿ ಎರಡು ಗಂಟೆಗೆ ಪಂಪ್ ಕೆಟ್ಟಾಗ ನಾಲ್ಕು ದಿನ ಕಾಯಿ ಅನ್ನುವ ಪದ್ಧತಿಯನ್ನು ಯಾರೂ ಪಾಲಿಸುವುದಿಲ್ಲ, ಎಲ್ಲರೂ ಸುತ್ತಿ ಹೋಗುತ್ತಾರೆ. ಹಾಗಾದರೆ ಪದ್ಧತಿ ಬರೆದವರದ್ದೂ ತಪ್ಪು ಹೌದು. ಚೆನ್ನಾಗಿ ನಡೆಯುವ ಕಾರ್ಖಾನೆಗಳಲ್ಲಿ ತುರ್ತು ಎಂಒಸಿ ಅಂತ ಬೇರೆ ದಾರಿ ಇರುತ್ತದೆ. ಪ್ರೊಡಕ್ಷನ್, ಮೆಂಟೆನೆನ್ಸ್, ಸೇಫ್ಟಿ ಮೂವರೂ ಫೋನಿನಲ್ಲಿ ಮಾತಾಡಿ, ಶಿಫ್ಟ್ ಇನ್‌ಚಾರ್ಜ್ ಒಂದು ಪುಟ ಬರೆದು, ಮರುದಿನ ಪೂರ್ತಿ ಫಾರಂ ಮುಗಿಸುತ್ತಾರೆ. ಆ ಒಂದು ಪುಟದಲ್ಲಿ ಇರಬೇಕಾದದ್ದು ಇಷ್ಟೇ: ಯಾಕೆ ಬದಲಿಸುತ್ತಿದ್ದೇವೆ, ಯಾವ ಲೆಕ್ಕದ ಮೇಲೆ, ಸುರಕ್ಷತೆಗೆ ಏನಾಗುತ್ತದೆ, ಕೆಲಸದ ಕ್ರಮದಲ್ಲಿ ಏನು ಬದಲಾಗುತ್ತದೆ, ಎಷ್ಟು ದಿನಕ್ಕೆ, ಯಾರು ಒಪ್ಪಿದರು. ನಿಮ್ಮ ಸೇಫ್ಟಿ ಕಮಿಟಿಯಲ್ಲಿ ಈ ತುರ್ತು ದಾರಿ ಬೇಕು ಅಂತ ನೀವೇ ಕೇಳಿ. ಸೇಫ್ಟಿ ಆಫೀಸರ್ ಕೇಳಿದ್ದಕ್ಕಿಂತ ಮೆಂಟೆನೆನ್ಸ್‌ನವರು ಕೇಳಿದರೆ ಬೇಗ ಆಗುತ್ತದೆ.

ಇನ್ನು ಆ ಹೋಸಿನ ವಿಷಯ. ಟೊಲುಯಿನ್‌ನ ಫ್ಲ್ಯಾಶ್ ಪಾಯಿಂಟ್ ಸುಮಾರು 4 ಡಿಗ್ರಿ. ಬೀದರಿನ ಬೇಸಿಗೆ ಇರಲಿ, ಚಳಿಗಾಲದ ಬೆಳಗಿನಲ್ಲೂ ಚೆಲ್ಲಿದ ಜಾಗದಲ್ಲಿ ಕಿಡಿ ಹತ್ತುವಷ್ಟು ಆವಿ ಇರುತ್ತದೆ. ಅದು ಹರಿಯುವಾಗ ಸ್ಟ್ಯಾಟಿಕ್ ಚಾರ್ಜ್ ಹುಟ್ಟುತ್ತದೆ, ಬೇಗ ಇಳಿಯುವುದಿಲ್ಲ. ಆದ್ದರಿಂದ ಮೊದಲು ನೋಡಬೇಕಾದದ್ದು ಹೋಸಿನ ಒಳಗಿನ ತಂತಿ ಎರಡೂ ತುದಿಯ ಕಪ್ಲಿಂಗ್‌ಗೆ ಸೇರಿದೆಯಾ, ಕಪ್ಲಿಂಗ್‌ನಿಂದ ಅರ್ಥಿಂಗ್‌ವರೆಗೆ ಕಂಟಿನ್ಯುಟಿ ಇದೆಯಾ ಅಂತ. ಮೀಟರ್ ಹಿಡಿದು ನೋಡಿ, ಕಣ್ಣಿನಲ್ಲಿ ನೋಡಿದರೆ ಗೊತ್ತಾಗುವುದಿಲ್ಲ. ಒಳಪದರ ಯಾವ ರಬ್ಬರ್? ಮಾಮೂಲಿ ರಬ್ಬರ್ ಟೊಲುಯಿನ್‌ನಲ್ಲಿ ಉಬ್ಬಿ ಮೆತ್ತಗಾಗುತ್ತದೆ. ಇಷ್ಟು ವಾರ ಓಡಿದೆ ಅನ್ನುವುದು ಇಲ್ಲಿ ಧೈರ್ಯ ಕೊಡುವ ಮಾತಲ್ಲ, ಅದರ ಆಯಸ್ಸು ಖರ್ಚಾಗಿದೆ ಅಂತ ಅರ್ಥ.

ಪಕ್ಕದ ಲೈನಿನ ಪಂಪ್ ಅಂದಿರಿ. ಮುಂದಿನ ವಾಲ್ವ್ ಮುಚ್ಚಿದಾಗ ಆ ಪಂಪ್ ಎಷ್ಟು ಪ್ರೆಶರ್ ಕಟ್ಟುತ್ತದೆ? ಹೋಸಿನ ಮೇಲೆ ಬರೆದಿರುವ ರೇಟಿಂಗ್ ಅದಕ್ಕಿಂತ ಚೆನ್ನಾಗಿ ಜಾಸ್ತಿ ಇರಬೇಕು. ಹಳೆಯ ದಾರಿಯಲ್ಲಿ ರಿಲೀಫ್ ವಾಲ್ವ್ (ಜಾಸ್ತಿಯಾದ ಪ್ರೆಶರ್ ಹೊರಬಿಡುವುದು) ಅಥವಾ ನಾನ್ ರಿಟರ್ನ್ ವಾಲ್ವ್ (ಹಿಂದಕ್ಕೆ ಹರಿಯದ ಹಾಗೆ ತಡೆಯುವುದು) ಇತ್ತಾ? ಬೈಪಾಸ್ ಅದನ್ನು ದಾಟಿ ಹೋಗಿದೆಯಾ? ಹೋಗಿದ್ದರೆ ನೀವು ಬೈಪಾಸ್ ಮಾಡಿದ್ದು ಪಂಪನ್ನು ಮಾತ್ರ ಅಲ್ಲ. ಆ ಪಕ್ಕದ ಲೈನಿನಲ್ಲಿ ಬೇರೆ ಕೆಮಿಕಲ್ ಹರಿಯುತ್ತಿದ್ದರೆ, ಹಿಂದಕ್ಕೆ ಹರಿದು ಎರಡೂ ಬೆರೆತರೆ ಏನಾಗುತ್ತದೆ ಅಂತ ನಿಮ್ಮ ಕೆಮಿಸ್ಟ್ ಹತ್ತಿರ ಕೇಳಿ. ಇದನ್ನು ನೀವು ಊಹಿಸಬೇಡಿ. ಹೋಸ್ ನೆಲದ ಮೇಲೆ ಬಿದ್ದಿದ್ದು ಫೋರ್ಕ್‌ಲಿಫ್ಟ್ ಅದರ ಮೇಲೆ ಹಾಯುತ್ತಿದ್ದರೆ ಅದೊಂದೇ ಕಾರಣಕ್ಕೆ ಹೋಸ್ ಬದಲಿಸಿ.

ಮೂರೂ ಶಿಫ್ಟಿನವರಿಗೆ ಈ ಬೈಪಾಸ್ ಗೊತ್ತಾ? ಬರೀ ಬಾಯಿಮಾತು ಸಾಲದು. ಕಂಟ್ರೋಲ್ ರೂಮಿನ ಪೈಪಿಂಗ್ ಡ್ರಾಯಿಂಗ್ ಮೇಲೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆದು, ತಾರೀಕು ಹಾಕಿ, ಸಹಿ ಮಾಡಿ. ಬೆಂಕಿ ಬಿದ್ದಾಗ ಯಾವ ವಾಲ್ವ್ ಮುಚ್ಚಬೇಕು ಅನ್ನುವುದು ಈಗ ಬದಲಾಗಿರುತ್ತದೆ. ಹಳೆಯ ವಾಲ್ವ್ ಮುಚ್ಚಿ "ಲೈನ್ ಬಂದ್ ಆಯ್ತು" ಅಂದುಕೊಳ್ಳುವ ಆಪರೇಟರ್ ನಿಮ್ಮ ಹೋಸಿನ ಮುಂದೆಯೇ ನಿಂತಿರುತ್ತಾನೆ.

ಕೊನೆಗೆ ತಾರೀಕಿನ ವಿಷಯ. ತಾತ್ಕಾಲಿಕ ಎಂಒಸಿಗೆ ಮುಗಿಯುವ ದಿನ ಬರೆದಿರಲೇಬೇಕು. ನಾನು ಹೋದ ಕಾರ್ಖಾನೆಗಳಲ್ಲಿ "ಟೆಂಪರರಿ" ಅಂತ ಟ್ಯಾಗ್ ಇರುವ ಲೈನಿಗೆ ಪ್ಲಾಂಟಿನ ಉಳಿದ ಪೈಪಿನ ಜೊತೆ ಬಣ್ಣ ಬಳಿದದ್ದನ್ನು ನೋಡಿದ್ದೇನೆ, ಅದೂ ಒಂದಕ್ಕಿಂತ ಹೆಚ್ಚು ಕಡೆ. ನಿಮ್ಮ ಸ್ಪೇರ್ ಬಂದು ಪಂಪ್ ಕೂತ ದಿನ ಹೋಸ್ ಕಳಚಿ, ಎರಡೂ ತುದಿಗೆ ಬ್ಲೈಂಡ್ ಫ್ಲೇಂಜ್ (ಪೈಪಿನ ಬಾಯಿ ಪೂರ್ತಿ ಮುಚ್ಚುವ ತಟ್ಟೆ) ಹಾಕಿ. ವಾಲ್ವ್ ಮುಚ್ಚಿ ಬಿಟ್ಟರೆ ಸಾಲದು, ವಾಲ್ವ್ ಸೋರುತ್ತದೆ. ಡ್ರಾಯಿಂಗ್ ಮೇಲಿನ ಕೆಂಪು ಗೆರೆ ಅಳಿಸಿ, ಫಾರಂ ಕ್ಲೋಸ್ ಮಾಡಿಸಿ, ಸೇಫ್ಟಿ ಆಫೀಸರ್ ಸಹಿ ತೆಗೆದುಕೊಳ್ಳಿ. ಸ್ಪೇರ್ ಹೇಳಿದ ದಿನಕ್ಕೆ ಬರದಿದ್ದರೆ ತಾರೀಕನ್ನು ಸುಮ್ನೆ ಮುಂದಕ್ಕೆ ಹಾಕಬೇಡಿ. ಹೋಸನ್ನು ಮತ್ತೆ ಪ್ರೆಶರ್ ಟೆಸ್ಟ್ ಮಾಡಿಸಿ, ಆಮೇಲೆ ಹೊಸ ತಾರೀಕು ಬರೆಯಿರಿ.